ಖಾಲಿ ಫಾರಂಗಳ ಮೇಲೆ ನನ್ನ ಸಹಿ

ನಮ್ಮ ಗದಗಿನ ಕಡೆಯವರಿಗೆ ಹೇಳಿದರೆ ನಂಬಲಿಕ್ಕಿಲ್ಲ: ನಾನು ಹೊಸ್ತಿಲು ತುಳಿಯದ ಮನೆಯ ವೈರಿಂಗನ್ನು ನಾನೇ ಮಾಡಿದ್ದೇನೆ ಎಂದು ಬೆಂಗಳೂರಿನ ಕಾಗದವೊಂದು ಹೇಳುತ್ತಿದೆ.

ಊರಲ್ಲಿ ಹದಿನೈದು ವರ್ಷ ವೈರಿಂಗ್ ಮಾಡಿದೆ, ಒಬ್ಬರೂ ಕಾಗದ ಕೇಳಲಿಲ್ಲ. ಫ್ಯಾನು ಗರ್ ಎಂದರೂ ಸಾಕು, ಬಾಗಿಲಿಗೇ ಬಂದು ಹೆಸರು ಹಿಡಿದು ಬಯ್ಯುತ್ತಿದ್ದರು. ಬೆಂಗಳೂರಿನ ಲಗ್ಗೆರೆಯ ಬಾಡಿಗೆ ಮನೆಗೆ ಬಂದಾಗ, ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನವರು ಗೊಣಗಿದ್ದು ಬಿಟ್ಟರೆ ಯಾರೂ ನಮ್ಮನ್ನು ಮಾತಾಡಿಸಲಿಲ್ಲ. ಕೆಲಸ ಕೇಳಿದಲ್ಲೆಲ್ಲ ಒಂದೇ ಮಾತು: "ಪರ್ಮಿಟ್ ಇದ್ಯಾ ಅಣ್ಣ?" ವೈರ್‌ಮನ್ ಪರ್ಮಿಟ್ ಎಂದರೆ ಪರೀಕ್ಷೆ ಬರೆದು ಪಡೆಯಬೇಕಾದ ಸರ್ಕಾರದ ಅನುಮತಿ. ನಲವತ್ತು ದಾಟಿದ ಮೇಲೆ ಪುಸ್ತಕ ಹಿಡಿದೆ. ಪಾಸಾದ ದಿನ ಹೆಂಡತಿ ನೀಲವ್ವ ಗೋಧಿ ಹುಗ್ಗಿ ಮಾಡಿದಳು. ಇನ್ನು ನಾನೂ ಈ ಊರಿನವನೇ ಅನ್ನಿಸಿತು.

ವಿಜಯನಗರದ ಗುತ್ತಿಗೆದಾರರೊಬ್ಬರ ಬಳಿ ಸೇರಿಕೊಂಡೆ. ಹೊಸ ಮನೆಗೆ ಕರೆಂಟ್ ಬೇಕಾದರೆ ಇಲ್ಲಿ ಕಂಪ್ಲೀಷನ್ ರಿಪೋರ್ಟ್ ಕೊಡಬೇಕು. ವೈರಿಂಗ್ ಸರಿಯಾಗಿದೆ ಎಂದು ಪರ್ಮಿಟ್ ನಂಬರ್ ಬರೆದು ಸಹಿ ಹಾಕುವ ಕಾಗದ ಅದು. "ಪ್ರತಿ ಸಲ ಯಾಕೆ ಓಡಾಡ್ತೀರ, ಒಂದೇ ಸಲ ಹಾಕ್ಬಿಡಿ" ಎಂದು ಅವರು ಖಾಲಿ ಫಾರಂಗಳ ಕಟ್ಟನ್ನೇ ಮುಂದಿಟ್ಟರು. ಎಲ್ಲರೂ ಹೀಗೇ ಮಾಡುತ್ತಾರಂತೆ. ನನ್ನ ಕೈಕೆಲಸಕ್ಕೆ ಅಲ್ಲಿಯವರೆಗೆ ಯಾರೂ ಸಹಿ ಕೇಳಿರಲಿಲ್ಲ. ಹಿಗ್ಗಿ ಹೀರೇಕಾಯಿಯಾಗಿ ಕಟ್ಟು ಮುಗಿಯುವವರೆಗೂ ಹಾಕಿದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೋದ ತಿಂಗಳು ಗೋವಿಂದರಾಜನಗರದಿಂದ ಹೆಂಗಸೊಬ್ಬರ ಫೋನು. "ನಮ್ಮನೆ ವೈರಿಂಗ್ ಮಾಡಿದ್ದು ನೀವೇ ಅಲ್ವಾ ಸಾರ್? ರಿಪೋರ್ಟಲ್ಲಿ ನಿಮ್ಮ ಹೆಸರು, ಫೋನ್ ನಂಬರ್ ಇದೆ. ಬಚ್ಚಲಲ್ಲಿ ನಲ್ಲಿ ಮುಟ್ಟಿದ್ರೆ ಜುಮ್ ಅನ್ನುತ್ತೆ."

ಓಡಿದೆ. ಮೈನ್ ಆಫ್ ಮಾಡಿ ಗೀಸರಿನ ಬೋರ್ಡು ಬಿಚ್ಚಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಹಸಿರು ವೈರು ಪ್ಲಗ್ಗಿನ ಹಿಂದೆ ಎರಡು ಬೆರಳುದ್ದ ಮಾತ್ರ ಇತ್ತು. ಗೋಡೆಯೊಳಗೆ ಏನೂ ಇರಲಿಲ್ಲ. ತಪಾಸಣೆಯವರ ಕಣ್ಣಿಗೆ ಕಾಣಲೆಂದೇ ಸಿಕ್ಕಿಸಿದ ತುಂಡು.

"ಇದು ನಾನು ಮಾಡಿದ್ದಲ್ಲರೀ ಮೇಡಂ" ಅಂದೆ.

"ಮತ್ತೆ ಈ ಸಹಿ?" ಅವರು ರಿಪೋರ್ಟ್ ತಂದು ಹಿಡಿದರು. ಸಹಿ ನನ್ನದೇ.

ಅಲ್ಲಿ ಹೊಸ ವೈರು ಎಳೆದು ಮುಗಿಸಿ ನೇರ ಗುತ್ತಿಗೆದಾರರ ಬಳಿ ಹೋದೆ. ಇಂಥ ಮನೆ ಇನ್ನೆಷ್ಟಿವೆ ಎಂದು ಕೇಳಿದೆ. ಅವರು ಫೋನಿನಿಂದ ತಲೆ ಎತ್ತಲಿಲ್ಲ. "ಯಾರಿಗೆ ನೆನಪಿರುತ್ತೆ? ಬ್ಯಾಡರಹಳ್ಳಿ ಕಡೆ ಒಂದಷ್ಟು. ಕೂಗಾಡ್ಬೇಡಿ, ಸಿಕ್ಕಾಕ್ಕೊಳ್ಳೋದು ನೀವೇ."

ಪರ್ಮಿಟ್ ಹೋದರೆ ಹೋಗಲಿ ಎಂದು ಪರ್ಮಿಟ್ ಕೊಟ್ಟ ವಿದ್ಯುತ್ ಪರಿವೀಕ್ಷಕರ ಕಚೇರಿಗೆ ನಾನೇ ಎಲ್ಲವನ್ನೂ ಬರೆದುಕೊಟ್ಟೆ. ಉತ್ತರ ಬಂದಿಲ್ಲ. "ಊರಿಗಿ ಹೋಗೂಣ ನಡೀರಿ, ಅಲ್ಲಿ ಯಾರೂ ಕಾಗದಾ ಕೇಳಂಗಿಲ್ಲ" ಎನ್ನುತ್ತಾಳೆ ನೀಲವ್ವ. ಹೋಗುವ ಆಸೆ ನನಗೂ ಇದೆ. ಆದರೆ ಇಲ್ಲಿ ಯಾರ ಮನೆಯ ಗೋಡೆಯಲ್ಲಿ ನನ್ನ ಹೆಸರು ಕಾದು ಕೂತಿದೆಯೋ ತಿಳಿಯದೆ ಅಲ್ಲಿ ಹೇಗೆ ನಿದ್ದೆ ಮಾಡಲಿ? ಊರು ಕರೆಯುತ್ತದೆ, ಈ ಊರು ಬಿಡುತ್ತಿಲ್ಲ.

ಕೆಲಸವಿಲ್ಲದ ದಿನ ಬ್ಯಾಡರಹಳ್ಳಿಯ ಹೊಸ ಬೀದಿಗಳಲ್ಲಿ ಬಾಗಿಲು ತಟ್ಟುತ್ತೇನೆ. ನಿನ್ನೆ ಬೆಳಿಗ್ಗೆ ಒಂದು ಮನೆಯವರು ಕಿಟಕಿಯಿಂದಲೇ "ಏನೂ ಬೇಡ, ಹೋಗಿ" ಅಂದರು. ನಿಮ್ಮ ರಿಪೋರ್ಟಿನಲ್ಲಿ ನನ್ನ ಹೆಸರಿದೆಯಾ ಒಮ್ಮೆ ನೋಡಿ ಎಂದು ಕೈಮುಗಿದೆ. ಕಿಟಕಿ ಮುಚ್ಚಿತು. ಒಳಗೆ ಯಾರೋ ಮಗುವನ್ನು ಸ್ನಾನಕ್ಕೆ ಕರೆಯುತ್ತಿದ್ದರು.