ಡಯಾಲಿಸಿಸ್ ಕೋಣೆಯಲ್ಲಿ ಭಾವ ಕಲಿಸಿದ ಸ್ಟೈಲ್‌ಶೀಟು

ಭಾವನ ಎಡ ಮುಂಗೈಯಲ್ಲಿ ಒಂದು ನರ ಹೆಬ್ಬೆರಳಿನಷ್ಟು ದಪ್ಪವಾಗಿ ಉಬ್ಬಿ ನಿಂತಿತ್ತು. ಡಯಾಲಿಸಿಸ್ಸಿನ ಸೂಜಿ ಚುಚ್ಚುವುದಕ್ಕೆಂದು ಡಾಕ್ಟರು ಎರಡು ರಕ್ತನಾಳ ಸೇರಿಸಿ ಮಾಡಿದ ಉಬ್ಬು ಅದು. ಬೆರಳಿಟ್ಟರೆ ಒಳಗೆ ರಕ್ತ ಜುಂಯ್ ಎನ್ನುವುದು ತಿಳಿಯುತ್ತಿತ್ತು. ಸೂಜಿ ಇರುವಷ್ಟು ಹೊತ್ತು ಆ ಕೈ ಅಲುಗಿಸುವಂತಿರಲಿಲ್ಲ. ಹೊನ್ನಾವರದ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಅವರು ಬಲಗೈಯೊಂದರಲ್ಲಿ ಲ್ಯಾಪ್‌ಟಾಪಿನ ಕೀಲಿ ಒತ್ತುತ್ತಿದ್ದರು.

ಅವರು ನನ್ನ ಅಕ್ಕನ ಗಂಡ. ಕರ್ಕಿಯ ಮನೆಯ ಮುಂದಿನ ಕೋಣೆಯಲ್ಲಿ ಕೂತು ಗೇರುಸೊಪ್ಪೆಯ ಹೋಮ್‌ಸ್ಟೇಗೆ, ಕುಮಟೆಯ ಹಲ್ಲಿನ ಡಾಕ್ಟರಿಗೆ, ಹೀಗೆ ಸುತ್ತಲಿನವರಿಗೆಲ್ಲ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ಮೀನು ಮಾರುವವಳ ಹತ್ತಿರ ಕೊಂಕಣಿ, ಭಟ್ಕಳಕ್ಕೆ ಹೋದರೆ ಉರ್ದು ಮಾತಾಡುತ್ತಿದ್ದರು. ನೀರು ಲೆಕ್ಕ ಹಾಕಿ ಕುಡಿಯಬೇಕಿದ್ದರಿಂದ ಬಾಯಿ ಒಣಗಿದಾಗಲೆಲ್ಲ ಒಂದು ಲವಂಗ ಕಚ್ಚಿಕೊಳ್ಳುತ್ತಿದ್ದರು. ಅಕ್ಕ ಕಿಡ್ನಿ ಕೊಡಲು ಸಿದ್ಧಳಾಗಿದ್ದಳು. ತಪಾಸಣೆಯಲ್ಲಿ ಅವಳಿಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಡಾಕ್ಟರು ಬೇಡವೆಂದರು. ಆ ದಿನ ಭಾವ ಅವಳಿಗೆ ಸಮಾಧಾನ ಹೇಳಿದರೇ ಹೊರತು ತಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅಕ್ಕ ಮಂಕಿಯ ಶಾಲೆಯಲ್ಲಿ ಅಕ್ಕೋರು. ಅವಳಿಗೆ ವಾರ ವಾರ ರಜೆ ಸಿಗುವುದು ಹೇಗೆ? ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದ ನಾನೇ ಭಾವನನ್ನು ಸ್ಕೂಟಿಯಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಮೊದಮೊದಲು ಅವರ ಹಾಸಿಗೆಯ ಪಕ್ಕ ಕೂತು ಮೊಬೈಲು ನೋಡುತ್ತಿದ್ದೆ. ಒಂದು ದಿನ ಅವರು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲಿಟ್ಟರು.

ಭಟ್ಕಳದ ಮದುವೆ ಬಟ್ಟೆಯ ಅಂಗಡಿಯೊಂದರ ಕೆಲಸ ಅದು. ಕನ್ನಡದ ಪುಟಗಳು ಎಡದಿಂದ ಬಲಕ್ಕೆ, ಉರ್ದುವಿನವು ಬಲದಿಂದ ಎಡಕ್ಕೆ. ಪುಟದ ಬಣ್ಣ, ಅಂತರ, ಜಾಗ ಹೇಳುವ ಸ್ಟೈಲ್‌ಶೀಟನ್ನು ಎರಡಕ್ಕೂ ಬೇರೆ ಬೇರೆ ಬರೆಯುವುದು ಭಾವನಿಗೆ ಇಷ್ಟವಿರಲಿಲ್ಲ. ಸ್ಯಾಸ್ ಎಂಬ ಸ್ಟೈಲ್ ಭಾಷೆಯಲ್ಲಿ ಒಂದೇ ಸಲ ಬರೆಯಬೇಕು, ಅದನ್ನು ಬ್ರೌಸರಿಗೆ ತಿಳಿಯುವ ಸಾದಾ ಸಿಎಸ್ಎಸ್ ಮಾಡುವ ಸಲಕರಣೆಯನ್ನು ಪ್ರಾಜೆಕ್ಟಿಗೆ ಜೋಡಿಸಬೇಕು, ಅದರ ಹಿಂದೆ ಉರ್ದುವಿಗಾಗಿ ಎಡಬಲ ತಿರುಗಿಸುವ ಇನ್ನೊಂದನ್ನು ಕೂರಿಸಬೇಕು ಎಂದರು. ತಾವೇ ಮಾಡಿಟ್ಟಿದ್ದ ಜೋಡಣೆಯನ್ನು ನನ್ನ ಕಣ್ಣೆದುರೇ ಅಳಿಸಿದರು. ನಾನು ಗಾಬರಿಯಾದೆ.

"ನಾ ಮಾಡಿಟ್ಟದ್ದು ನಡೀತಾ ಇದ್ರೆ ನಿಂಗೆ ಎಂತದೂ ಬರೂದಿಲ್ಲ ತಂಗಿ. ಮೊದಲಿಂದ ಮಾಡು. ನಾ ಇಲ್ಲೇ ಇದ್ದೆ ಅಲ್ವಾ" ಅಂದರು.

ಮೊದಲ ಪುಟಕ್ಕೆ ಬಣ್ಣಗಳೇ ಬರಲಿಲ್ಲ. ಬಹಳ ಹೊತ್ತು ಹುಡುಕಿದೆ. ಸ್ಟೈಲ್ ಬರೆಯುವ ಜಾಗದಲ್ಲಿ ಇದು ಸ್ಯಾಸ್ ಎಂದು ತಿಳಿಸುವುದನ್ನು ಮರೆತಿದ್ದೆ. ಭಾವ ಬೈಯಲಿಲ್ಲ. ಯಾವ ಭಾಷೆ ಅಂತ ಮೊದಲು ಹೇಳು, ಮಾತು ಆಮೇಲೆ, ಎಂದಷ್ಟೇ ಹೇಳಿದರು. ಅಲ್ಲಿಂದ ಮುಂದೆ ಅದೇ ತಪ್ಪು ಮಾಡಿದಾಗಲೆಲ್ಲ ಹುಬ್ಬು ಏರಿಸಿದರೆ ಸಾಕಾಗುತ್ತಿತ್ತು.

ಇನ್ನೊಮ್ಮೆ ಎಲ್ಲ ಅಳಿಸಿ ಮತ್ತೆ ಮೊದಲಿಂದ ಹೇಳಿಕೊಡುತ್ತಿದ್ದಾಗಲೇ ಅವರ ಬಿಪಿ ಇಳಿಯಿತು. ಮಾತು ಅರ್ಧಕ್ಕೆ ನಿಂತಿತು, ತುಟಿ ಬೆಳ್ಳಗಾಯಿತು. ನರ್ಸ್ ಓಡಿ ಬಂದು ಕಾಲು ಎತ್ತರಿಸಿ ಸಲೈನ್ ಬಿಟ್ಟರು. ನಾನು ಗೋಡೆಗೆ ಒರಗಿ ನಿಂತಿದ್ದೆ, ಲ್ಯಾಪ್‌ಟಾಪ್ ಎದೆಗೆ ಅವಚಿಕೊಂಡು. ಎಷ್ಟೋ ಹೊತ್ತಿನ ಮೇಲೆ ಅವರು ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಎಂತ ಬಂತು ಸ್ಕ್ರೀನಲ್ಲಿ?"

"ಸ್ಯಾಸ್ ಸಿಕ್ಕಲಿಲ್ಲ, ಹಾಕಿಕೊಂಡಿದ್ದೀರಾ ಅಂತ ಕೇಳ್ತಾ ಇದೆ ಭಾವ."

"ಹಂಗಾರೆ ಹಾಕು."

ನರ್ಸ್ ನಕ್ಕುಬಿಟ್ಟರು. ನನಗೆ ಅಳು ಬಂತು. ಇದನ್ನೆಲ್ಲ ನನಗೆ ಯಾಕೆ ಇಷ್ಟು ಅವಸರದಲ್ಲಿ ಕಲಿಸುತ್ತಿದ್ದಾರೆಂದು ನನಗೆ ತಿಳಿದದ್ದು ಆವತ್ತೇ.

ಒಂದು ಭಾನುವಾರ ಬೆಳಿಗ್ಗೆ ಗಡ್ಡ ಹೆರೆಯಲು ಕನ್ನಡಿಯೆದುರು ನಿಂತವರು ಹಾಗೆಯೇ ಕುಸಿದರು. ಹೃದಯ ನಿಂತಿತ್ತು. ಮಾತಾಡುವಷ್ಟು ಸಮಯವೂ ಅಕ್ಕನಿಗೆ ಸಿಗಲಿಲ್ಲ.

ಭಟ್ಕಳದ ಅಂಗಡಿಯವರು ಬಂದು ಜಗಲಿಯಲ್ಲಿ ಕೂತಿದ್ದರು. ಕೆಲಸದ ಸುದ್ದಿ ಎತ್ತಲಿಲ್ಲ. ಹೊರಡುವಾಗ ನಾನೇ, ಮುಗಿಸಿಕೊಡುತ್ತೇನೆ ಎಂದೆ. ಹೂಂ ಎಂದು ತಲೆಯಾಡಿಸಿದರು.

ಕ್ರಿಯೆಗಳೆಲ್ಲ ಕಳೆದ ಮೇಲೆ ಮುಂದಿನ ಕೋಣೆಯ ಬಾಗಿಲು ತೆಗೆದೆ. ಉಳಿದಿದ್ದದ್ದು ಉರ್ದುವಿನ ಭಾಗ. ಬಟ್ಟೆಗಳ ಹೆಸರುಗಳು ಬಲಕ್ಕೆ ಹೋದರೂ ಚಿತ್ರಗಳು ಎಡಕ್ಕೇ ಅಂಟಿಕೊಂಡಿರುತ್ತಿದ್ದವು. ಹಲವು ದಿನ ಒದ್ದಾಡಿದೆ, ಕೇಳಲು ಯಾರೂ ಇರಲಿಲ್ಲ. ಕೊನೆಗೊಂದು ಸಂಜೆ ಪುಟ ಇಡಿಯಾಗಿ ಬಲಕ್ಕೆ ತಿರುಗಿ ನಿಂತಿತು.

ಅಕ್ಕ ಚಾ ತಂದಿದ್ದಳು.

"ಆತಾ?"

"ಆತು."

ಅವಳು ಸ್ಕ್ರೀನ್ ನೋಡಲಿಲ್ಲ. ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತಳು. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು, "ಅಲ್ಲಿ ಅಷ್ಟಷ್ಟು ಹೊತ್ತು ಅವ್ರು ನಿನ್ನ ಹತ್ರ ಎಂತ ಮಾತಾಡ್ತಿದ್ರು?"

ಅವಳ ಹೆಸರು ಬಂದಿತ್ತೆಂದು ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. ಬರೀ ಇದೇ ಅಕ್ಕ, ಸ್ಟೈಲ್‌ಶೀಟು, ಸ್ಯಾಸ್, ಯಾವುದರ ಹಿಂದೆ ಯಾವುದನ್ನು ಜೋಡಿಸಬೇಕು ಅನ್ನುವುದು, ನಿನಗೆ ಅರ್ಥವಾಗುವಂಥದ್ದಲ್ಲ ಎಂದೆ.

"ಅರ್ಥ ಆಗದಿದ್ರೂ ಅಡ್ಡಿಲ್ಲ" ಅಂದಳು. "ಅವ್ರು ಹೇಳ್ದಾಂಗೇ ಹೇಳು."

ನಾನು ಮೊದಲ ದಿನದಿಂದ ಶುರುಮಾಡಿದೆ. ಅಕ್ಕ ಕಣ್ಣು ಮುಚ್ಚಿ ಕೇಳುತ್ತ ಕೂತಳು.