ರಿಲೀವ್ ಆದ ದಿನ

ಕಮಲಾಪುರದ ದವಾಖಾನೆಯಲ್ಲಿ ನಾನು ನರ್ಸಾಗಿದ್ದಾಗ ನಾಗಮ್ಮ ಆಯಿ ಮೊಣಕಾಲು ನೋವೆಂದು ಆಗಾಗ ಬರುತ್ತಿದ್ದಳು. ಡಾಕ್ಟರು ಗುಳಿಗೆ ಬರೆದು, "ನೋವು ರಿಲೀವ್ ಆಗ್ತದ ತಗೋ ಆಯಿ" ಎನ್ನುತ್ತಿದ್ದರು. ಆಕೆ ಕಲಿತ ಇಂಗ್ಲಿಷ್ ಅದೊಂದೇ.

ಮುಂದೆ ನನಗೆ ಕಲಬುರಗಿಗೆ ವರ್ಗವಾಯಿತು. ಕೊನೆಯ ದಿನ ಆಕೆ ಬಂದಾಗ ಹೇಳಿದೆ.

"ಆಯಿ, ನಾಳಿಂದ ನಾ ಬರಂಗಿಲ್ರಿ. ನನಗ ರಿಲೀವ್ ಮಾಡ್ಯಾರ."

ಆಯಿಯ ಮುಖ ಅರಳಿತು. "ಚಲೋ ಆಯ್ತು ನೋಡವ್ವ! ನಿನಗ ಎಲ್ಲಿ ನೋವಿತ್ತು?"

"ನೋವಲ್ರಿ ಆಯಿ..."

"ಸುಮ್ನಿರು. ದಿನಾ ನಿಂತು ನಿಂತು ನಮ್ಮ ನೋವು ಕೇಳ್ತಿದ್ದಿ. ನಿಂದು ಒಂದಿನಾನೂ ಹೇಳಲಿಲ್ಲ."

ನನ್ನನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕುಂತು ನನ್ನ ಮೊಣಕಾಲು ಮೆಲ್ಲಗೆ ಒತ್ತತೊಡಗಿದಳು. ಕೊನೆಗೆ, ಕಲಬುರಗಿಗೆ ವರ್ಗವಾಗಿದೆ ಎಂದು ಬಿಡಿಸಿ ಹೇಳಿದೆ. ಆಯಿ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು.

"ಹಂಗೇನು? ಇರಲಿ, ಆ ಕಾಲೂ ಇತ್ತ ಕೊಡು" ಎಂದಳು.

ಈಗ ನಾನಿರುವ ದವಾಖಾನೆ ಊರ ನಡುವಿನ ಜಗತ್ ಸರ್ಕಲ್ ಹತ್ತಿರ, ಬಹಳ ದೊಡ್ಡದು. ಕಾಲುಗಳು ನಿಜವಾಗಿಯೂ ನೋಯುತ್ತವೆ. ಆದರೆ ಇಲ್ಲಿ ತೋರಿಸಿಕೊಳ್ಳಬೇಕೆಂದರೆ ನರ್ಸಾದರೂ ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಬೇಕು.