ಗಾಳಿ ಬಿದ್ದ ಮಧ್ಯಾಹ್ನದ ಶಾವಿಗೆ

ಜಗಳೂರು ಕಡೆಯ ವಿದ್ಯುತ್ ಉಪಕೇಂದ್ರದಲ್ಲಿ ಪಾಳಿಗೆ ಕೂತ ನನಗೆ ಇದ್ದ ದೇವರು ಒಂದೇ: ಐವತ್ತು. ಫಲಕದ ಮೇಲೆ ಕರೆಂಟಿನ ಕಂಪನ ತೋರಿಸುವ ಆ ಅಂಕಿ ಅಲುಗದೆ ನಿಂತಿದ್ದರೆ ನಾಡಿಗೆ ಬೇಕಾದ ಕರೆಂಟು, ಬರುವ ಕರೆಂಟು ಎರಡೂ ಸಮ, ಲೋಕ ಕ್ಷೇಮ. ಕಿಟಕಿಯಾಚೆ ಗುಡ್ಡದ ಗಾಳಿಯಂತ್ರಗಳು ನಿದ್ದೆಗಣ್ಣಲ್ಲಿ ತಿರುಗುತ್ತಿದ್ದವು. ನೋಡುತ್ತ ಕೂತರೆ ನನ್ನ ಕುರ್ಚಿಯೂ ಮೆಲ್ಲಗೆ ತೇಲಿದಂತಾಗುತ್ತಿತ್ತು.

ಪಕ್ಕದ ಊರಲ್ಲಿ ಶಾವಿಗೆ ಯಂತ್ರ ಇಟ್ಟಿರುವ ನಮ್ಮ ಅತ್ತಿಗೆಗೆ ಈ ಅಂಕಿಯ ಗೊಡವೆಯಿಲ್ಲ. ಹಿತ್ತಲಿಗೆ ಬಂದು ಗುಡ್ಡ ನೋಡುವುದು. ರೆಕ್ಕೆ ತಿರುಗುತ್ತಿದ್ದರೆ ಕರೆಂಟು ಹೋಗುವುದಿಲ್ಲವೆಂದು ಹಿಟ್ಟು ನಾದುವುದು. ಓಣಿಯ ಹೆಂಗಸರಿಗೂ ಅದೇ ಪಂಚಾಂಗ. ಗುಡ್ಡದ ಕರೆಂಟು ನೆಟ್ಟಗೆ ಅವರೂರಿಗೆ ಇಳಿಯುವುದಿಲ್ಲ, ನಾಡಿನ ತಂತಿಗಳಲ್ಲೆಲ್ಲ ಬೆರೆತುಹೋಗುತ್ತದೆ ಎಂದು ನಾನು ಗಂಭೀರವಾಗಿ ಉಪದೇಶಿಸಿದ್ದೆ.

"ಕೆರೆ ಮುಂದೆ ಇಟ್ಕಂಡು ನಲ್ಲಿ ಕಾಯ್ರಿ ಅಂತೀಯಲ್ಲೋ" ಅಂದಿದ್ದರು.

ಈಚಿನ ಒಂದು ಬೇಸಿಗೆಯ ಮಧ್ಯಾಹ್ನ, ಓಣಿಯವರ ವರ್ಷದ ಶಾವಿಗೆಗೆಂದು ಅತ್ತಿಗೆ ದೊಡ್ಡ ಬೋಗುಣಿ ತುಂಬ ಹಿಟ್ಟು ನಾದಿ ಏಳುವುದಕ್ಕೂ, ಸುತ್ತಲ ಗುಡ್ಡಸಾಲಿನಲ್ಲೆಲ್ಲ ಗಾಳಿ ಬಿದ್ದುಹೋಗುವುದಕ್ಕೂ ಸರಿಹೋಯಿತು. ಐವತ್ತು ಕೆಳಗೆ ಜಾರಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಫೋನು: "ಲೋಡ್ ತೆಗೀರಿ." ಬೇಡಿಕೆ ತಗ್ಗಿಸಲು ಯಾವುದಾದರೂ ಊರಿನ ಕರೆಂಟು ನಿಲ್ಲಿಸಬೇಕು, ಸರದಿ ಅತ್ತಿಗೆಯ ಊರಿನದು. ತೆಗೆದೆ.

ಮರುಕ್ಷಣ ಅತ್ತಿಗೆಯ ಫೋನು. "ಏನಪ್ಪಾ ಮೈದುನ, ಈ ಬಿಸಿಲಿಗೆ ಹಿಟ್ಟು ಹುಳಿ ಬಂದ್ರೆ ಓಣಿಯೋರಿಗೆ ನೀ ಮುಖ ತೋರಿಸ್ತೀಯೋ, ನಾ ತೋರಿಸ್ಲೋ?"

"ಗಾಳಿ ಬಿದ್ದೈತೆ ಅತ್ಗೆ. ಒದ್ದೆ ಬಟ್ಟೆ ಮುಚ್ಚಿಡ್ರಿ."

"ಬಟ್ಟೆ ಮುಚ್ಚಾಕೆ ಇಲಾಖೆ ಅಪ್ಪಣೆ ಬೇಕಿತ್ತಾ?"

ಫಲಕದ ಮುಂದೆ ಕೂತು ಕಾದೆ. ಗಾಳಿ ಕೈಬಿಟ್ಟಾಗ ನೀರು ಕೈಹಿಡಿಯಬೇಕೆಂಬುದು ನಮ್ಮಲ್ಲಿನ ಏರ್ಪಾಡು. ಎಷ್ಟೋ ದೂರದ ಶರಾವತಿ ಕಣಿವೆಯಲ್ಲಿ, ನಾನು ಎಂದೂ ಕಾಣದ ಯಾರೋ ಯಂತ್ರಗಳಿಗೆ ನೀರು ಬಿಡುತ್ತಿದ್ದರು. ಕಣ್ಣು ಅರೆಮುಚ್ಚಿದರೆ ಆ ಹೊಳೆಯೇ ಕಬ್ಬಿಣದ ಗೋಪುರಗಳ ಮೇಲೆ ಹೆಜ್ಜೆಯಿಡುತ್ತ ನಮ್ಮ ಒಣ ಬಯಲಿಗೆ ನಡೆದು ಬರುತ್ತಿತ್ತು. ಅಂಕಿ ಮೆಲ್ಲನೆ ಮೇಲೆದ್ದು, ಐವತ್ತು ಮರಳಿ ಗರ್ಭಗುಡಿ ಸೇರಿತು. ಅಪ್ಪಣೆ ಬಂತು, ಲೈನು ಹಾಕಿದೆ.

"ಗುಡ್ಡದ ಫ್ಯಾನು ನಿಂತೇ ಐತೆ, ಕರೆಂಟು ಹೆಂಗೆ ಬಂತೋ?" ಎಂದು ಮತ್ತೆ ಫೋನು ಮಾಡಿದರು ಅತ್ತಿಗೆ.

"ಶರಾವತೀಲಿ ನೀರು ಬಿಟ್ರು."

"ಅಲ್ಲಿ ನೀರು ಬಿಟ್ಟಿದ್ದಕ್ಕೆ ಇಲ್ಲಿ ನನ್ನ ಹಿಟ್ಟು ಉಳೀತಾ!" ಹಿಂದೆ ಯಂತ್ರದ ಗುರ್ರೆನ್ನುವ ಸದ್ದು ಕೇಳುತ್ತಿತ್ತು.

ಸಂಜೆ ಪಾಳಿ ಮುಗಿಸಿ ಅಲ್ಲಿಗೆ ಹೋದೆ. ಹಿತ್ತಲ ತುಂಬ ಗಳುಗಳ ಮೇಲೆ ಶಾವಿಗೆ ಇಳಿಬಿದ್ದಿತ್ತು. ಗಾಳಿಯಿಲ್ಲದ್ದರಿಂದ ಒಂದೆಳೆಯೂ ಸಿಕ್ಕಾಗಿರಲಿಲ್ಲ, ಧೂಳು ಕೂತಿರಲಿಲ್ಲ. ಅತ್ತಿಗೆ ಗುಡ್ಡದ ಕಡೆ ನೋಡಿದರು.

"ಒಣಗೋ ತನಕ ಫ್ಯಾನು ಹಿಂಗೇ ಇರ್ಲಿ ಅಂತ ನಿಮ್ಮ ಬೆಂಗಳೂರಿಗೆ ಒಂದು ಫೋನು ಮಾಡಪ್ಪ."